ಕೋಟೆ ಮುಂದೆ ಸಾರವೆ ಕಂಡರೆ ತಪ್ಪೇನು?

ಡಿಸ್ನಿಲ್ಯಾಂಡ್‌ಗೆ ಹೋಗಿ ಬಂದವರ ವಿಡಿಯೊಗಳಲ್ಲಿ ಒಂದು ಗೋಳು ಇದ್ದೇ ಇರುತ್ತದೆ. ‘ಅಷ್ಟು ದುಡ್ಡು ಕೊಟ್ಟು ಹೋದ್ವಿ, ನೋಡಿದ್ರೆ ಸುತ್ತ ಸಾರವೆ ಕಟ್ಟಿ ಪರದೆ ಹಾಕಿದ್ದಾರೆ. ಫೋಟೊ ಎಲ್ಲ ಹಾಳು.’ ಅಕ್ಟೋಬರ್ ಕೊನೆಗೆ ಹೋದವರದ್ದು ಇನ್ನೊಂದು ರಾಗ. ಹ್ಯಾಲೋವೀನ್ ಕುಂಬಳಕಾಯಿಗಳು ಇನ್ನೂ ಹಾಗೇ ಇವೆ, ಪಕ್ಕದಲ್ಲೇ ಯಾರೋ ಲಿಫ್ಟ್ (ಆಳನ್ನು ಮೇಲಕ್ಕೆತ್ತುವ ಗಾಡಿ) ಮೇಲೆ ನಿಂತು ಕ್ರಿಸ್‌ಮಸ್ ಸೀರಿಯಲ್ ಸೆಟ್ ಕಟ್ಟುತ್ತಿದ್ದಾರೆ. ‘ಮ್ಯಾಜಿಕ್ಕೇ ಹೋಯ್ತು’ ಅಂತ ಬೇಸರ.

ನನಗೆ ಈ ಬೇಸರ ಒಪ್ಪಿಗೆಯಾಗುವುದಿಲ್ಲ. ಆ ಲಿಫ್ಟ್ ಹಗಲಲ್ಲೇ ನಿಲ್ಲಲಿ, ಎಲ್ಲರಿಗೂ ಕಾಣಲಿ. ಅದನ್ನು ಬಚ್ಚಿಡಿ ಅಂತ ನಾವು ಹಟ ಹಿಡಿದಷ್ಟೂ ಆ ಭಾರ ಬೀಳುವುದು ರಾತ್ರಿ ಪಾಳಿಯವರ ಮೇಲೆ.

ಮೊದಲು ಕ್ಯಾಲೆಂಡರ್ ನೋಡಿ. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿರುವ ಈ ಪಾರ್ಕ್ ವರ್ಷದ 365 ದಿನವೂ ತೆರೆದಿರುತ್ತದೆ. ಚಳಿ ಪ್ರದೇಶದ ಎಷ್ಟೋ ಪಾರ್ಕ್‌ಗಳು ಚಳಿಗಾಲದಲ್ಲಿ ಬಾಗಿಲು ಹಾಕಿ, ರೈಡ್‌ಗಳನ್ನು ಬಿಚ್ಚಿ, ಬಣ್ಣ ಬಳಿದು, ವಸಂತದಲ್ಲಿ ಮತ್ತೆ ತೆರೆಯುತ್ತವೆ. ಇಲ್ಲಿ ಆ ಪುರುಸೊತ್ತೇ ಇಲ್ಲ. ಹ್ಯಾಲೋವೀನ್ ಸೀಸನ್ ಈಗ ಆಗಸ್ಟ್ ಕೊನೆಯಲ್ಲೇ ಶುರುವಾಗಿ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಕ್ರಿಸ್‌ಮಸ್ ಸೀಸನ್ ನವೆಂಬರ್ ಮಧ್ಯಕ್ಕೆ ಶುರು. ನಡುವೆ ಸಿಗುವುದು ಸುಮಾರು ಎರಡು ವಾರ. ಪಾರ್ಕಿನ ಮುಖ್ಯ ಬೀದಿಯಾದ ಮೇನ್ ಸ್ಟ್ರೀಟ್‌ನ ಪ್ರತಿ ಕಟ್ಟಡದ ಅಂಚಿಗೂ ಹಾರ, ದೀಪ, ಜೊತೆಗೆ 60 ಅಡಿಯ ಕ್ರಿಸ್‌ಮಸ್ ಮರ. ಎರಡು ವಾರದಲ್ಲಿ, ಬರೀ ರಾತ್ರಿ ಹೊತ್ತು ಮಾಡಿ ಅಂದರೆ ಆಗುತ್ತಾ? ಹಾಗಾಗಿ ಕುಂಬಳಕಾಯಿ ಇಳಿಯುವ ಮುಂಚೆಯೇ ದೀಪ ಏರುತ್ತದೆ.

ಕೆಲವು ರೈಡ್‌ಗಳಿಗೆ ಇಷ್ಟೂ ಸಾಲದು. ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ 1997ರಿಂದ ಕ್ರಿಸ್‌ಮಸ್ ವೇಷ ಹಾಕುತ್ತಿದೆ. ‘ಹಾಂಟೆಡ್ ಮ್ಯಾನ್ಷನ್’ 2001ರಿಂದ. ವೇಷ ಹಾಕಲು ಒಮ್ಮೆ ಮುಚ್ಚಬೇಕು, ಬಿಚ್ಚಲು ಇನ್ನೊಮ್ಮೆ ಮುಚ್ಚಬೇಕು.

ಈಗ ಆ ಲಿಫ್ಟ್ ಮೇಲಿರುವವರ ಕೆಲಸ ಸ್ವಲ್ಪ ಹತ್ತಿರದಿಂದ ನೋಡೋಣ. ದೀಪದ ಸರ ಮೇಲೆ ಹೋಗುವ ಮುಂಚೆ ನೆಲದ ಮೇಲೆ ಬಿಡಿಸಿ, ಪ್ಲಗ್ ಹಾಕಿ ನೋಡಬೇಕು. ಮೇಲೆ ಕಟ್ಟಿದ ಮೇಲೆ ಒಂದು ಬಲ್ಬ್ ಉರಿಯಲಿಲ್ಲ ಅಂದರೆ ಮತ್ತೆ ಲಿಫ್ಟ್ ತರಬೇಕು, ಸುತ್ತ ಬೇಲಿ ಹಾಕಬೇಕು, ಜನರನ್ನು ಬೇರೆ ಕಡೆ ತಿರುಗಿಸಬೇಕು. ಮರದ ಕಾಂಡಕ್ಕೆ ಸುತ್ತುವಾಗ ಪ್ಲಗ್ ಇರುವ ತುದಿ ಬುಡದಲ್ಲೇ ಉಳಿಯಬೇಕು. ಬಿಗಿಯಾಗಿ ಸುತ್ತುವ ಹಾಗಿಲ್ಲ. ಮರ ಬೆಳೆಯುತ್ತದೆ, ತಂತಿ ಬೆಳೆಯುವುದಿಲ್ಲ. ವರ್ಷಗಟ್ಟಲೆ ಬಿಟ್ಟರೆ ತೊಗಟೆಯೊಳಗೇ ಕಚ್ಚಿಕೊಳ್ಳುತ್ತದೆ. ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವಿನ ಅಂತರ ಒಂದೇ ಸಮ ಇರಬೇಕು. ಹಗಲಲ್ಲಿ ಅದು ಕಣ್ಣಿಗೆ ಬೀಳುವುದೇ ಇಲ್ಲ, ರಾತ್ರಿ ದೀಪ ಹಚ್ಚಿದಾಗ ಮಾತ್ರ ಸೊಟ್ಟ ಎದ್ದು ಕಾಣುತ್ತದೆ.

ಹಳೆಯ ಬಲ್ಬಿನ ಸರಗಳ ಕಾಲದಲ್ಲಿ ಇನ್ನೂ ಗೋಳಿತ್ತು. ಅಮೆರಿಕದ 120 ವೋಲ್ಟ್ ಲೈನಿಗೆ ಸುಮಾರು 50 ಪುಟ್ಟ ಬಲ್ಬ್‌ಗಳನ್ನು ಸಾಲಾಗಿ ಜೋಡಿಸಿರುತ್ತಿದ್ದರು, ಒಂದೊಂದಕ್ಕೆ ಎರಡೂವರೆ ವೋಲ್ಟ್ ಲೆಕ್ಕ. ಒಂದು ಬಲ್ಬ್ ಹೋಲ್ಡರ್‌ನಲ್ಲಿ ಸಡಿಲವಾದರೂ ಇಡೀ ಸರ ಕತ್ತಲು. ಬಲ್ಬ್ ಸುಟ್ಟರೆ ಒಳಗಿನ ಸಣ್ಣ ತಂತಿಯೊಂದು ಕರೆಂಟ್ ದಾಟಿಸುತ್ತದೆ, ನಿಜ. ಆದರೆ ಆಗ ಉಳಿದ ಬಲ್ಬ್‌ಗಳ ಮೇಲೆ ವೋಲ್ಟೇಜ್ ಜಾಸ್ತಿ ಬೀಳುತ್ತದೆ, ಅವೂ ಬೇಗ ಸುಡುತ್ತವೆ. ಎಲ್ಇಡಿ ಬಂದ ಮೇಲೆ ಈ ಕಾಟ ಎಷ್ಟೋ ಕಮ್ಮಿಯಾಯಿತು. ಕರೆಂಟ್ ತುಂಬಾ ಕಡಿಮೆ ಎಳೆಯುವುದರಿಂದ ಒಂದೇ ಪಾಯಿಂಟಿನಿಂದ ಜಾಸ್ತಿ ಸರ ಜೋಡಿಸಬಹುದು.

ದೀಪದ ಮಾತು ಬಂತು ಅಂತ ಒಂದು ಪುಟ್ಟ ಕಥೆ. ಅರ್ಕನ್ಸಾದ ಲಿಟಲ್ ರಾಕ್‌ನಲ್ಲಿ ಜೆನಿಂಗ್ಸ್ ಆಸ್ಬರ್ನ್ ಎಂಬ ಶ್ರೀಮಂತರು ಮನೆ ಮುಂದೆ ಎಷ್ಟು ದೀಪ ಹಾಕುತ್ತಿದ್ದರು ಅಂದರೆ, ನೆರೆಯವರು ಕೋರ್ಟಿಗೇ ಹೋದರು. ಕೊನೆಗೆ ಆ ದೀಪಗಳು 1995ರಲ್ಲಿ ಫ್ಲಾರಿಡಾದ ಡಿಸ್ನಿ ಪಾರ್ಕಿಗೆ ಬಂದವು. ಅಲ್ಲಿ ಲಕ್ಷಗಟ್ಟಲೆ ಬಲ್ಬ್‌ಗಳಾಗಿ ಬೆಳೆದು, 2016ರ ಜನವರಿವರೆಗೆ ಉರಿದವು. ಸಾಮಾನಿನ ಜೊತೆ ತಪ್ಪಿ ಹ್ಯಾಲೋವೀನ್ ಅಲಂಕಾರದ ಒಂದು ಬೆಕ್ಕಿನ ಬೊಂಬೆಯೂ ಬಂದುಬಿಟ್ಟಿತ್ತಂತೆ. ಕೆಲಸಗಾರರು ಅದನ್ನು ಎಸೆಯಲಿಲ್ಲ. ಪ್ರತಿ ವರ್ಷ ಬೇರೆ ಬೇರೆ ಮೂಲೆಯಲ್ಲಿ ಅಡಗಿಸಿಡುತ್ತಿದ್ದರು. ಜನ ಅದನ್ನು ಹುಡುಕಲೆಂದೇ ಬರುತ್ತಿದ್ದರು. ಕಟ್ಟುವವರ ಕೈ ಕಂಡಿದ್ದರಿಂದ ಅಲ್ಲಿ ಯಾರ ಮ್ಯಾಜಿಕ್ಕೂ ಹಾಳಾಗಲಿಲ್ಲ, ಅಲ್ವಾ?

ಬಚ್ಚಿಡುವುದರಲ್ಲಿ ಡಿಸ್ನಿಯವರು ಪಳಗಿದವರು, ಅದನ್ನು ಒಪ್ಪಲೇಬೇಕು. ಕಣ್ಣಿಗೆ ಬೀಳಬಾರದ ಗೋಡೆ, ಕಂಬಗಳಿಗೆ ಅವರದ್ದೇ ಒಂದು ಮಂಕು ಹಸಿರು ಬಣ್ಣವಿದೆ. ಅದನ್ನು ಬಳಿದರೆ ಆ ವಸ್ತು ಗಿಡಮರಗಳ ನಡುವೆ ಕರಗಿಹೋಗುತ್ತದೆ. 1971ರಲ್ಲಿ ಶುರುವಾದ ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಂತೂ ಕೆಲಸಗಾರರು ಓಡಾಡಲು ಕೆಳಗೆ ಸುರಂಗಗಳೇ ಇವೆ. ಇಷ್ಟೆಲ್ಲ ನೋಡಿ ನೋಡಿ ನಮಗೆ ಅಭ್ಯಾಸ ಕೆಟ್ಟಿದೆ. ಕೆಲಸ ಮಾಡುವ ಮನುಷ್ಯ ಕಂಡರೆ ಸಾಕು, ಮೋಸ ಹೋದ ಹಾಗೆ ಆಡುತ್ತೇವೆ.

ಅನಾಹೈಮ್ ಪಾರ್ಕ್ ಶುರುವಾದ ದಿನ ಹೇಗಿತ್ತು ಗೊತ್ತಾ? 1955ರ ಜುಲೈ 17. ಬಣ್ಣ ಬಳಿಯುವ ಕೆಲಸ ಕೊನೇ ಗಳಿಗೆವರೆಗೂ ನಡೆದಿತ್ತು. ಡಾಂಬರು ಎಷ್ಟು ಹಸಿಯಿತ್ತೆಂದರೆ, ಹೆಂಗಸರ ಹೀಲ್ಸ್ ಅದರಲ್ಲಿ ಹೂತುಕೊಂಡವು. ಪ್ಲಂಬರ್‌ಗಳ ಮುಷ್ಕರದಿಂದ ಕುಡಿಯುವ ನೀರಿನ ನಲ್ಲಿಗಳೂ ಸಾಲದಾಗಿದ್ದವು. ಗಿಡ ನೆಡಲು ಸಮಯ ಸಾಲದ ಕಡೆ, ಎದ್ದಿದ್ದ ಕಳೆಗೇ ಲ್ಯಾಟಿನ್ ಹೆಸರಿನ ಫಲಕ ಚುಚ್ಚಿದರು! ಅಂದು ಪತ್ರಿಕೆಗಳು ಬೈದವು. ಜನ ಮಾತ್ರ ಬರುವುದು ಬಿಡಲಿಲ್ಲ.

ಇದು ಬರೀ ಫೋಟೊ ವಿಷಯವಾಗಿದ್ದರೆ ನಾನು ಇಷ್ಟು ಮಾತಾಡುತ್ತಿರಲಿಲ್ಲ. 1998ರ ಡಿಸೆಂಬರ್ 24, ಕ್ರಿಸ್‌ಮಸ್ ಹಿಂದಿನ ದಿನ. ಇದೇ ಪಾರ್ಕಿನಲ್ಲಿ ಜನರನ್ನು ಸುತ್ತಿಸುವ ಕೊಲಂಬಿಯಾ ಎಂಬ ಹಡಗಿನ ರೈಡ್ ದಡಕ್ಕೆ ಬರುವಾಗ ಹಗ್ಗ ಕಟ್ಟುವ ಲೋಹದ ತುಂಡು ಕಿತ್ತು ಹಾರಿ ಜನರಿಗೆ ಬಡಿಯಿತು. ಒಬ್ಬರು ಪ್ರಾಣ ಕಳೆದುಕೊಂಡರು. ಅಲ್ಲಿವರೆಗೆ ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾಯಂ ಪಾರ್ಕ್‌ಗಳ ರೈಡ್‌ಗಳಿಗೆ ರಾಜ್ಯ ಸರ್ಕಾರದ ತಪಾಸಣೆಯೇ ಇರಲಿಲ್ಲ. ಕಾನೂನು ಬಂದದ್ದು 1999ರಲ್ಲಿ. ಆಮೇಲೆ 2003ರ ಸೆಪ್ಟೆಂಬರ್‌ನಲ್ಲಿ ಬಿಗ್ ಥಂಡರ್ ಮೌಂಟೇನ್ ರೈಡ್ ಹಳಿ ತಪ್ಪಿತು, ಇನ್ನೊಬ್ಬ ಯುವಕ ತೀರಿಹೋದ. ತನಿಖೆಯಲ್ಲಿ ಸಿಕ್ಕಿದ್ದು ನಿರ್ವಹಣೆಯ ತಪ್ಪು. ಚಕ್ರದ ಜೋಡಣೆಯ ಬೋಲ್ಟ್‌ಗಳನ್ನು ಸರಿಯಾಗಿ ಬಿಗಿ ಮಾಡಿರಲಿಲ್ಲ, ಅವು ಸಡಿಲವಾಗದಂತೆ ಹಾಕುವ ತಂತಿಯೂ ಇರಲಿಲ್ಲ.

ಬೋಲ್ಟ್ ಬಿಗಿ ಮಾಡಲು ಸಮಯ ಬೇಕು, ಬೆಳಕು ಬೇಕು, ನಿದ್ದೆ ಮಾಡಿ ಬಂದ ಮನುಷ್ಯ ಬೇಕು. ಪಾರ್ಕ್ ಮಧ್ಯರಾತ್ರಿ ಮುಚ್ಚಿ ಬೆಳಿಗ್ಗೆ ಎಂಟಕ್ಕೆ ತೆರೆದರೆ ಉಳಿಯುವುದು ಎಂಟು ಗಂಟೆ. ಅದರಲ್ಲೇ ರಸ್ತೆ ತೊಳೆಯಬೇಕು, ಹಳಿ ನೋಡಬೇಕು, ಬಣ್ಣ ಬಳಿದು ಒಣಗಿಸಬೇಕು. ದೀಪದ ಕೆಲಸವನ್ನೂ ಅಲ್ಲೇ ತುರುಕಬೇಕಾ? ಲಿಫ್ಟ್‌ನಿಂದ ಕೆಳಗೆ ಬೀಳುವ ಅಪಾಯ ಕತ್ತಲಲ್ಲಿ ಕಮ್ಮಿಯಾಗುವುದಿಲ್ಲ.

‘ಮಕ್ಕಳಿಗೆ ನಿರಾಸೆ ಆಗುತ್ತೆ’ ಅನ್ನುವವರು ಸುಮ್ನೆ ಒಮ್ಮೆ ಮಕ್ಕಳನ್ನು ಗಮನಿಸಿ. ಲಿಫ್ಟ್ ಮೇಲೇರುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಿರುತ್ತಾರೆ. ಮುಖ ಊದಿಸಿಕೊಂಡವರು ಫೋನ್ ಹಿಡಿದ ಅಪ್ಪ ಅಮ್ಮ.

ಹಾಗಂತ ಪಾರ್ಕಿನವರು ಮಾಡಿದ್ದೆಲ್ಲ ಸರಿ ಅನ್ನುತ್ತಿಲ್ಲ. ಟಿಕೆಟ್ ನೂರು ಡಾಲರ್ ದಾಟಿದೆ. ಮೂರು ನಾಲ್ಕು ರೈಡ್ ಮುಚ್ಚಿದ್ದರೂ ದರ ಇಳಿಯುವುದಿಲ್ಲ. ಯಾವ ರೈಡ್ ಯಾವಾಗ ಮುಚ್ಚಿರುತ್ತದೆ ಎಂಬ ಪಟ್ಟಿ ಅವರ ವೆಬ್‌ಸೈಟ್‌ನಲ್ಲಿ ಇದೆ. ಆದರೆ ನಾವೇ ಹುಡುಕಿಕೊಂಡು ಹೋಗಬೇಕು. ದುಡ್ಡು ಕಟ್ಟುವ ಪುಟದಲ್ಲೇ, ದಿನಾಂಕದ ಪಕ್ಕದಲ್ಲೇ ಅದು ಕಾಣಬೇಕು. ಜಗಳ ಆಡುವುದಾದರೆ ಇದಕ್ಕೆ ಆಡಿ, ನಾನೂ ನಿಮ್ಮ ಜೊತೆ ಇದ್ದೇನೆ.

ಇನ್ನೊಂದು. 2019ರ ಮೊದಲ ತಿಂಗಳುಗಳಲ್ಲಿ ಅನಾಹೈಮ್ ಪಾರ್ಕಿನ ನಡುವಿನ ಕೋಟೆಗೆ ಸಾರವೆ ಕಟ್ಟಿ ದುರಸ್ತಿ ಮಾಡಿದಾಗ, ಮುಚ್ಚಿದ ಪರದೆ ಮೇಲೆ ಕೋಟೆಯದ್ದೇ ಚಿತ್ರ ಅಚ್ಚು ಹಾಕಿದ್ದರು. ಚೆನ್ನಾಗೇ ಇತ್ತು. ನನಗೆ ಮಾತ್ರ ಅಲ್ಲೊಂದು ಕಿಟಕಿಯಷ್ಟು ಜಾಗ ಬಿಟ್ಟು, ಒಳಗೆ ಏನು ಕೆಲಸ ನಡೆದಿದೆ ಅಂತ ಬರೆದ ಬೋರ್ಡ್ ಇದ್ದಿದ್ದರೆ ಜಾಸ್ತಿ ಖುಷಿಯಾಗುತ್ತಿತ್ತು.

ಜನವರಿಯಲ್ಲಿ ಟಿಕೆಟ್ ಮಾಡಿಸುವವರಿಗೆ ಒಂದು ಮಾತು. ರಜೆ ಮುಗಿದ ಮೇಲೆ ದೀಪ, ವೇಷ ಎಲ್ಲ ಬಿಚ್ಚಬೇಕಲ್ಲ, ಸ್ಮಾಲ್ ವರ್ಲ್ಡ್ ಮತ್ತು ಹಾಂಟೆಡ್ ಮ್ಯಾನ್ಷನ್ ಆ ಹೊತ್ತಿಗೆ ಸಾಮಾನ್ಯವಾಗಿ ಮತ್ತೆ ಮುಚ್ಚಿರುತ್ತವೆ. ಮಕ್ಕಳಿಗೆ ಅವೇ ಬೇಕು ಅಂದರೆ ಪಟ್ಟಿ ನೋಡಿ ದಿನಾಂಕ ಆರಿಸಿಕೊಳ್ಳಿ.