ಮನೆಯವರಿಗೆ ಮೆದುಳಿನ ಸೋಂಕು: ಹಾಸಿಗೆಯ ಪಕ್ಕದಲ್ಲಿ ನಿಮ್ಮ ಕೆಲಸವೇನು?

[ಪರದೆಯ ಮೇಲೆ: ಐಸಿಯು ಹೊರಗಿನ ಕುರ್ಚಿಗಳು]

ನಮಸ್ಕಾರ. ಎರಡು ದಿನ ಜ್ವರ, ತಲೆನೋವು. ಮೂರನೆಯ ದಿನ ಅಪ್ಪ ಮಗಳನ್ನೇ ಯಾರೆಂದು ಕೇಳುತ್ತಾರೆ, ಎದುರಿಗೆ ಇಲ್ಲದವರನ್ನು ಬೈಯುತ್ತಾರೆ, ಸಂಜೆಯ ಹೊತ್ತಿಗೆ ಫಿಟ್ಸ್ ಬರುತ್ತದೆ. ಗಾಳಿ ಸೋಕಿದೆ ಎಂದು ದೇವಸ್ಥಾನಕ್ಕೆ ಕರೆದೊಯ್ಯುವ ಮನೆಗಳು ಇಂದಿಗೂ ಇವೆ. ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಎನ್ಸೆಫಲೈಟಿಸ್, ಅಂದರೆ ಮೆದುಳಿನ ಉರಿಯೂತ, ಶುರುವಾಗುವುದು ಹೆಚ್ಚಾಗಿ ಹೀಗೆಯೇ. ತುಟಿಯ ಅಂಚಿನಲ್ಲಿ ಗುಳ್ಳೆ ಎಬ್ಬಿಸುವ ವೈರಸ್ಸೇ ಇದು. ಅಪರೂಪಕ್ಕೆ ಮೆದುಳನ್ನು ಹೊಕ್ಕರೆ, ನೆನಪು ಮತ್ತು ಭಾವನೆಗಳಿಗೆ ಆಸರೆಯಾದ ಟೆಂಪೊರಲ್ ಭಾಗಕ್ಕೇ ಕೈ ಹಾಕುತ್ತದೆ. ಚಿಕಿತ್ಸೆ ಸಿಗದಿದ್ದರೆ ಹತ್ತರಲ್ಲಿ ಸುಮಾರು ಏಳು ಜನ ಉಳಿಯುವುದಿಲ್ಲ; ವೈರಸ್ಸನ್ನು ತಡೆಯುವ ಔಷಧಿ ಅಸೈಕ್ಲೋವಿರ್ ಬೇಗ ಶುರುವಾದರೆ ಹೆಚ್ಚಿನವರು ಬದುಕುತ್ತಾರೆ. ಆದ್ದರಿಂದ ಮೊದಲು 108ಕ್ಕೆ ಕರೆ ಮಾಡಿ.

ಕಾಯಿಲೆಯನ್ನು ವೈದ್ಯರು ಬಲ್ಲರು. ಆದರೆ ಆ ಮನುಷ್ಯನನ್ನು ಬಲ್ಲವರು ನೀವು. "ಮಂಗಳವಾರದವರೆಗೆ ಅಂಗಡಿಯ ಲೆಕ್ಕ ತಾವೇ ಬರೆಯುತ್ತಿದ್ದರು, ಬುಧವಾರ ನೋಟು ಎಣಿಸಲೂ ಬರಲಿಲ್ಲ" ಎಂದು ಹೇಳಿ. ಬರೀ "ಒಂಥರಾ ಆಡುತ್ತಿದ್ದಾರೆ" ಎಂಬುದಕ್ಕಿಂತ ಅದು ನೂರು ಪಾಲು ಉಪಯುಕ್ತ. ಫಿಟ್ಸ್ ಯಾವ ಕೈಯಿಂದ ಶುರುವಾಯಿತು, ಎಷ್ಟು ನಿಮಿಷ ಇತ್ತು ಎಂದು ಬರೆದಿಡಿ. ಒಬ್ಬರು ರೋಗಿಯನ್ನು ಪಕ್ಕಕ್ಕೆ ಹೊರಳಿಸಲಿ, ಇನ್ನೊಬ್ಬರಿದ್ದರೆ ಮೊಬೈಲಿನಲ್ಲಿ ಚಿತ್ರೀಕರಿಸಲಿ. ಬಾಯಿಗೆ ಚಮಚ ತುರುಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ.

[ಚಿತ್ರ: ಬೆನ್ನುಮೂಳೆಯ ಕೆಳಭಾಗ]

ಇನ್ನು ಬೆನ್ನಿನಿಂದ ನೀರು ತೆಗೆಯುವ ಪರೀಕ್ಷೆ. ಒಪ್ಪಿಗೆ ಪತ್ರ ಕೈಗೆ ಬಂದ ಕೂಡಲೇ ಊರಿನಿಂದ ಫೋನುಗಳು ಶುರುವಾಗುತ್ತವೆ: "ಸೊಂಟ ಬಿದ್ದುಹೋಗುತ್ತದೆ, ಬೇಡ!" ಈ ಭಯಕ್ಕೆ ಎಷ್ಟೋ ಅಮೂಲ್ಯ ಗಂಟೆಗಳು ಬಲಿಯಾಗುತ್ತವೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ವಯಸ್ಕರಲ್ಲಿ ಮಿದುಳುಬಳ್ಳಿ ಸೊಂಟದ ಮೊದಲನೆಯ ಅಥವಾ ಎರಡನೆಯ ಮೂಳೆಯ ಹತ್ತಿರವೇ ಮುಗಿಯುತ್ತದೆ. ಸೂಜಿ ಚುಚ್ಚುವುದು ಅದಕ್ಕೂ ಕೆಳಗೆ. ತೆಗೆಯುವುದು ಮೆದುಳು ಮತ್ತು ಮಿದುಳುಬಳ್ಳಿಯ ಸುತ್ತಲಿನ ದ್ರವ, ಅದೂ ಕೆಲವೇ ಮಿಲಿಲೀಟರ್. ದೇಹ ದಿನಕ್ಕೆ ಸುಮಾರು 500 ಮಿಲಿಲೀಟರ್ ಇಂಥ ದ್ರವವನ್ನು ಹೊಸದಾಗಿ ತಯಾರಿಸುತ್ತದೆ. ಕೆಲವರಿಗೆ ಒಂದೆರಡು ದಿನ ತಲೆನೋವು ಬರಬಹುದು. ತಲೆಯೊಳಗಿನ ಒತ್ತಡ ಹೆಚ್ಚಿರುವ ಅನುಮಾನವಿದ್ದರೆ ಮೊದಲು ಸ್ಕ್ಯಾನ್ ಮಾಡುತ್ತಾರೆ. ಆ ದ್ರವದಲ್ಲಿ ವೈರಸ್ಸಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಯೇ ವೈರಸ್ಸನ್ನು ಗುರುತಿಸುವುದು. ವರದಿ ಬರುವ ಮೊದಲೇ ಔಷಧಿ ಶುರು ಮಾಡಿದರೆ ಗಾಬರಿ ಬೇಡ, ಅದೇ ಸರಿಯಾದ ಕ್ರಮ.

ಅಸೈಕ್ಲೋವಿರ್ ಎಂಟು ಗಂಟೆಗೊಮ್ಮೆ ರಕ್ತನಾಳದ ಮೂಲಕವೇ ಹೋಗಬೇಕು, 14ರಿಂದ 21 ದಿನ. ಜ್ವರ ಬಿಟ್ಟಿತೆಂದು ಆರನೆಯ ದಿನ ಬಿಡುಗಡೆ ಕೇಳಬೇಡಿ, ದಯವಿಟ್ಟು. ಈ ಔಷಧಿ ಮೂತ್ರಪಿಂಡಕ್ಕೆ ಭಾರ, ಆದ್ದರಿಂದ ಮೂತ್ರ ಕಡಿಮೆಯಾದಂತೆ ಕಂಡರೆ ನರ್ಸ್‌ಗೆ ತಿಳಿಸಿ. ಖರ್ಚಿನ ವಿಷಯಕ್ಕೆ ಸರ್ಕಾರದ ಚಿಕಿತ್ಸಾ ನೆರವಿನ ಯೋಜನೆಯಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಬಗ್ಗೆ ದಾಖಲಾದ ದಿನವೇ ವಿಚಾರಿಸಿ, ಪಡಿತರ ಚೀಟಿ ಮತ್ತು ಆಧಾರ್ ಜೊತೆಗಿರಲಿ.

ಮಂಪರಿನಲ್ಲಿರುವವರಿಗೆ ಎಳನೀರು, ಗಂಜಿ, ತೀರ್ಥ ಯಾವುದನ್ನೂ ಬಾಯಿಗೆ ಹಾಕಬೇಡಿ. ನುಂಗುವ ಶಕ್ತಿ ಇಲ್ಲದಾಗ ಒಂದು ಚಮಚ ನೀರೂ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರಬಹುದು. ಮೂಗಿನ ಕೊಳವೆ ಇರುವುದು ಅದಕ್ಕೇ. ಅವರು ಎಚ್ಚರವಾದಾಗ ಹಾಸಿಗೆಯ ಮುಂದೆ ಸಾಲಾಗಿ ನಿಂತು "ನಾನು ಯಾರು ಹೇಳು" ಎಂದು ಪರೀಕ್ಷೆ ಮಾಡಬೇಡಿ. "ಅಪ್ಪ, ನಾನು ನಿಮ್ಮ ಮಗಳು. ಇದು ಆಸ್ಪತ್ರೆ, ಈಗ ಬೆಳಿಗ್ಗೆ" ಎಂದು ನೀವೇ ಹೇಳಿ. ಹೆಂಡತಿಯನ್ನು ಬೈದರೆ, ಕೈ ಎತ್ತಿದರೆ, ಊದಿಕೊಂಡ ಮೆದುಳು ಹಾಗೆ ಮಾಡಿಸುತ್ತಿದೆ. ಆ ತಾಯಿಗೆ ಯಾರಾದರೂ ಇದನ್ನು ಕೂರಿಸಿ ಹೇಳಬೇಕು. ವಾರ್ಡಿನಲ್ಲಿ ಎಲ್ಲರಿಗಿಂತ ಹೆಚ್ಚು ನೊಂದವರು ಅವರೇ.

ಮನೆಗೆ ಬಂದ ಮೇಲೆ ಮರೆವು, ಸಿಡುಕು, ಸುಸ್ತು ತಿಂಗಳುಗಟ್ಟಲೆ ಉಳಿಯಬಹುದು. ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರು ಹೇಳುವವರೆಗೆ ಬೈಕ್ ಕೀಲಿ ಕೊಡಬೇಡಿ. ಚೇತರಿಸಿಕೊಂಡ ಕೆಲವು ವಾರಗಳ ನಂತರ ವರ್ತನೆ ಮತ್ತೆ ಕೆಟ್ಟರೆ, ರೋಗನಿರೋಧಕ ಶಕ್ತಿಯೇ ಮೆದುಳಿನ ಮೇಲೆ ತಿರುಗಿಬಿದ್ದಿರಬಹುದು. ಅದಕ್ಕೂ ಚಿಕಿತ್ಸೆ ಇದೆ, ತಡಮಾಡದೆ ನರರೋಗ ತಜ್ಞರಲ್ಲಿಗೆ ಹೋಗಿ. ನೋಡಿಕೊಳ್ಳುವ ನಿಮಗೇ ನಿದ್ದೆ ಹತ್ತದಿದ್ದರೆ, ಅಳು ತಡೆಯಲಾಗದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲಿರುಳೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು.