ಅಜ್ಜಿ ಕೇಳಿದ ಪ್ರಶ್ನೆ

ಕೇಳುಗರಿಗೆಲ್ಲ ನಮಸ್ಕಾರ.

ಹೋದ ವರ್ಷ ಭೂಮಿ ಹುಣ್ಣಿಮೆಗೆ ನಾಲ್ಕು ದಿನ ಇರುವಾಗ, ಸಾಗರ ಸೀಮೆಯ ನಮ್ಮೂರಿಗೆ ಹೊರದೇಶದ ಒಬ್ಬ ಹುಡುಗಿ ಬಂದಳು. ಹಸೆ ಚಿತ್ತಾರ, ಅಂದರೆ ನಮ್ಮ ಹೆಂಗಸರು ಗೋಡೆ, ಬುಟ್ಟಿಗಳ ಮೇಲೆ ಬರೆಯುವ ಚಿತ್ರ, ಕಲಿಯಬೇಕು ಅಂತ. ಮನೆ ಮನೆಯಲ್ಲೂ ಭೂಮಣ್ಣಿ ಬುಟ್ಟಿ, ಅಂದರೆ ಹಬ್ಬದ ದಿನ ಗದ್ದೆಗೆ ಎಡೆ ಒಯ್ಯುವ ಬುಟ್ಟಿ, ಬರೆಯುವ ಕೆಲಸ ನಡೆದಿತ್ತು. ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಒಣಗಿದ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಎಳೆ ಎಳೆಯುತ್ತಾರೆ. ಕುಂಚ ಅಂದರೆ ಪುಂಡಿ ನಾರು, ಅಷ್ಟೇ. ಹುಡುಗಿಯ ಗೆರೆ ಮೊದಲ ದಿನ ನಡುಗಿತು. ಪಕ್ಕದ ಮನೆ ಅಜ್ಜಿ ಅವಳ ಮಣಿಕಟ್ಟು ಹಿಡಿದು, ಒಂದು ಮಾತೂ ಆಡದೆ, ಬುಟ್ಟಿಯನ್ನೇ ನಿಧಾನ ತಿರುಗಿಸಿದರು. ಗೆರೆ ನೆಟ್ಟಗೆ ಬಂತು. ಕೈ ಓಡಿಸಬಾರದು, ಬುಟ್ಟಿ ತಿರುಗಿಸಬೇಕು. ಇಬ್ಬರೂ ನಕ್ಕರು.

ಸಂಜೆ ಅಜ್ಜಿ ನನ್ನನ್ನು ಕೇಳಿದರು: 'ಇವಳ ಖರ್ಚು ಯಾರು ಕೊಡ್ತಾರೆ?' ಅವಳ ದೇಶದ ಸರ್ಕಾರ ಅಂದೆ. 'ಬುಟ್ಟಿ ಬರೆಯೋಕೆ ಸರ್ಕಾರ ದುಡ್ಡು ಕೊಡ್ತದಾ? ಅದಕ್ಕೇನು ಬಂತು?'

ಇವತ್ತು ನಾನು ಮಾತಾಡಬೇಕು ಅಂತ ಬಂದಿರುವುದು ಈ ಪ್ರಶ್ನೆಯ ಬಗ್ಗೆಯೇ.

ಹಿಂದೆ ರಾಯಭಾರ ಅಂದರೆ ದೊರೆಗಳ ನಡುವಿನ ವ್ಯವಹಾರ. 1623ರಲ್ಲಿ ಗೋವಾದ ಪೋರ್ಚುಗೀಸರ ರಾಯಭಾರಿಯೊಬ್ಬ ನಮ್ಮ ಇಕ್ಕೇರಿಗೆ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ. ಮೆಣಸಿನ ವ್ಯಾಪಾರದ ಮಾತು ಇದ್ದ ಕಾಲ ಅದು. ಜೊತೆಯಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಅನ್ನುವ ಇಟಲಿಯ ಪ್ರವಾಸಿಯೂ ಇದ್ದ. ಇಕ್ಕೇರಿಯಲ್ಲಿ ಹೆಣ್ಣುಮಕ್ಕಳು ಬಣ್ಣದ ಕೋಲು ಹಿಡಿದು ಕುಣಿದದ್ದನ್ನು ಅವನು ಬರೆದಿಟ್ಟಿದ್ದಾನೆ. ಹಾದಿಯಲ್ಲಿ ಕಂಡ ಒಂದು ಗುಡಿಯಲ್ಲಿ ನಾಲ್ಕು ಹುಡುಗರು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತಾ, ರಾಗವಾಗಿ ಲೆಕ್ಕ ಕಲಿಯುತ್ತಿದ್ದದ್ದನ್ನೂ ಬರೆದಿದ್ದಾನೆ. ಮೆಣಸಿನ ಮಾತುಕತೆ ಏನಾಯಿತು ಅಂತ ಇವತ್ತು ಯಾರು ಕೇಳುತ್ತಾರೆ? ಆ ಮರಳಿನ ಅಕ್ಷರ ಮಾತ್ರ ನನ್ನ ಕಣ್ಣ ಮುಂದೆ ಇದೆ.

ಹೀಗೆ ಜನ ಜನರನ್ನು ನೋಡಲಿ ಅಂತಲೇ ಸರ್ಕಾರಗಳು ಹಣ ತೆಗೆದಿಡುವುದು ಎರಡನೇ ಮಹಾಯುದ್ಧದ ನಂತರ ಜಾಸ್ತಿಯಾಯಿತು. ಓದುವವರನ್ನು, ವಿದ್ವಾಂಸರನ್ನು ದೇಶ ದೇಶಕ್ಕೆ ಕಳಿಸುವ ಅಮೆರಿಕದ ಫುಲ್‌ಬ್ರೈಟ್ ಯೋಜನೆ 1946ರದು. ಯುದ್ಧದಲ್ಲಿ ಮಿಕ್ಕ ಸಾಮಾನು ಮಾರಿದ ಹಣದಿಂದ ಅದು ಹುಟ್ಟಿತು. 1950ರಲ್ಲಿ ಭಾರತವೂ ಅದಕ್ಕೆ ಸಹಿ ಹಾಕಿತು. 2008ರ ಒಪ್ಪಂದದ ಮೇಲೆ ಎರಡೂ ಸರ್ಕಾರಗಳು ಸಮಪಾಲು ಹಾಕುತ್ತವೆ, ಹೆಸರೂ ಫುಲ್‌ಬ್ರೈಟ್-ನೆಹರೂ ಆಯಿತು. ಅದೇ 1950ರಲ್ಲಿ ಮೌಲಾನಾ ಆಜಾದರು ನಮ್ಮ ಐಸಿಸಿಆರ್, ಅಂದರೆ ಭಾರತೀಯ ಸಾಂಸ್ಕೃತಿಕ ಸಂಬಂಧ ಪರಿಷತ್ತನ್ನು ಕಟ್ಟಿದರು.

ಈ ಹಣದಿಂದ ಏನು ಬಂತು ಅಂತ ಕೇಳುವವರಿಗೆ ನಾನು ತೀರ್ಥಹಳ್ಳಿ ಕಡೆ ಕೈ ತೋರಿಸುತ್ತೇನೆ. ಮೇಳಿಗೆಯ ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಹೋದರು. 1966ರಲ್ಲಿ ಅಲ್ಲಿ ಡಾಕ್ಟರೇಟ್ ಪಡೆದರು. ಓದಲು ಹೋದದ್ದು ಇಂಗ್ಲಿಷ್ ಸಾಹಿತ್ಯ. ಆದರೆ ಅಲ್ಲಿದ್ದಾಗಲೇ ಬರೆದದ್ದು 'ಸಂಸ್ಕಾರ', ಮಲೆನಾಡಿನ ಒಂದು ಅಗ್ರಹಾರದ ಕಥೆ. ಅಷ್ಟು ದೂರ ಹೋಗಿ ಕೂತಾಗ ಊರು ಅಷ್ಟು ಹತ್ತಿರದಿಂದ ಕಂಡಿತು. ಕೊಟ್ಟ ಸರ್ಕಾರ ಇದನ್ನು ಲೆಕ್ಕ ಹಾಕಿ ಕೊಟ್ಟಿರಲಿಲ್ಲ. ಆದರೂ ಬಂತು ಅಲ್ವಾ?

ಈಗ ನಮ್ಮ ಕಥೆಗೆ ಬರುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ಚಿತ್ತಾರದ ಗುಂಪಿನಿಂದ ಒಂದು ರಾಯಭಾರ ಕಚೇರಿಗೆ ಅರ್ಜಿ ಹಾಕಿದೆವು. ನಾನೇ ಬರೆದೆ. ನಮ್ಮ ಕಲೆ ಎಷ್ಟು ಹಳೆಯದು, ಹೆಂಗಸರಿಗೆ ಎಷ್ಟು ಕಷ್ಟ, ಕಲಿಸಲು ಒಂದು ಕಟ್ಟಡ ಬೇಕು, ಮಳೆಗಾಲದಲ್ಲಿ ಸೋರದ ಮಾಡು ಬೇಕು ಅಂತೆಲ್ಲ ಬರೆದೆ. ಎಲ್ಲವೂ ನಿಜ. ಅರ್ಜಿ ವಾಪಸ್ ಬಂತು. ಮನಸ್ಸಿಗೆ ನೋವಾಯಿತು. ಆಮೇಲೆ ನಿಯಮಗಳನ್ನು ಕೂತು ಓದಿದಾಗ ಗೊತ್ತಾಯಿತು: ಆ ಹಣ ಕಟ್ಟಡಕ್ಕಲ್ಲ, ಸಂಸ್ಥೆ ಬೆಳೆಸುವುದಕ್ಕೂ ಅಲ್ಲ. ಅದು ಭೇಟಿಗೆ ಇಟ್ಟ ಹಣ. ಅಮೆರಿಕದ ರಾಯಭಾರ ಕಚೇರಿಗಳ ಅನುದಾನದಲ್ಲಂತೂ ಯೋಜನೆಯೊಳಗೆ ಅವರ ದೇಶದ ಸಂಸ್ಕೃತಿಯೋ, ಕಲಾವಿದರೋ, ಸಂಸ್ಥೆಯೋ ಇರಲೇಬೇಕು. ನಾನು ಅವರ ಕಡೆಯವರನ್ನು ಒಂದು ಸಾಲಿನಲ್ಲೂ ಕರೆದಿರಲಿಲ್ಲ. ಅಜ್ಜಿ ಬುಟ್ಟಿ ತಿರುಗಿಸಿ ಕಲಿಸಿದರಲ್ಲ, ಅಂಥ ಭೇಟಿಯನ್ನು, ಹಾಗೆ ಬಂದವರು ತಮ್ಮೂರಿಗೆ ಹೋಗಿ ಏನು ಹೇಳಿಯಾರು ಅನ್ನುವುದನ್ನು ಬರೆಯಬೇಕಿತ್ತು. ಹಾಗಂತ ಅವರಿಗೆ ಇಷ್ಟವಾಗಲಿ ಅಂತ ಕಲೆಯನ್ನು ಕತ್ತರಿಸಬೇಕಿಲ್ಲ. ಮೂರು ಗಂಟೆಯ ಯಕ್ಷಗಾನ ಪ್ರಸಂಗವನ್ನು ಹತ್ತು ನಿಮಿಷಕ್ಕೆ ಇಳಿಸಿ ಕುಣಿಯುವುದು ನನಗಂತೂ ಒಪ್ಪಿಗೆಯಿಲ್ಲ.

ಕಾಗದ ಪತ್ರದ ವಿಷಯವನ್ನೂ ಹೇಳಿಬಿಡುತ್ತೇನೆ, ಎಷ್ಟೋ ಜನ ಎಡವುವುದೇ ಇಲ್ಲಿ. ಹೊರದೇಶದ ಹಣ ಸಂಸ್ಥೆಗೆ ಬರಬೇಕಾದರೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ಇದೆ. ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ ತನ್ನ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಹಳ್ಳಿಯ ತಂಡಕ್ಕೆ ಇದು ಭಾರವೇ. ಒಂದು ನಿರ್ದಿಷ್ಟ ಕೆಲಸಕ್ಕೆ, ಒಬ್ಬ ದಾನಿಯಿಂದ, ಇಷ್ಟೇ ಹಣ ಅಂತ ಪೂರ್ವಾನುಮತಿ ಕೇಳುವ ದಾರಿಯೂ ಇದೆ. ನೋಂದಣಿ ಇರುವ ದೊಡ್ಡ ಸಂಸ್ಥೆ ಹಣ ತರಿಸಿ ನಮಗೆ ಕೊಡಲಿ ಅಂದರೆ ಆಗುವುದಿಲ್ಲ. 2020ರ ತಿದ್ದುಪಡಿ ಅದನ್ನು ನಿಲ್ಲಿಸಿದೆ. ಅಮೆರಿಕ ಸರ್ಕಾರದ ಅನುದಾನಕ್ಕೆ ಸಂಸ್ಥೆಗಳು ಅವರ ಸ್ಯಾಮ್ (SAM.gov) ಜಾಲತಾಣದಲ್ಲಿ ನೋಂದಾಯಿಸಬೇಕು, ಅದು ಪೂರ್ತಿ ಉಚಿತ. ದುಡ್ಡು ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ. ನಮ್ಮ ಐಸಿಸಿಆರ್ ಮೂಲಕ ಹೋಗುವುದಾದರೆ ಕಲಾವಿದರ ಪಟ್ಟಿಗೆ ಸೇರಲು ಅರ್ಜಿ ಹಾಕಬೇಕು. ಅದಕ್ಕೆ ಬೆಂಗಳೂರಿನಲ್ಲೂ ಕಚೇರಿ ಇದೆ. ಆ ಅರ್ಜಿಗೆ ಬೇಕಾಗುವ ಒಳ್ಳೆಯ ವಿಡಿಯೊ ಈಗಲೇ ಮಾಡಿಸಿಟ್ಟುಕೊಳ್ಳಿ.

ಪಾಸ್‌ಪೋರ್ಟ್ ಕೂಡ ಅಷ್ಟೇ. ನಮ್ಮ ಗುಂಪಿನ ಐವರಲ್ಲಿ ಮೂವರ ಹೆಸರು ಆಧಾರ್‌ನಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ. ಸರಿ ಮಾಡಿಸಲು ಒಂದು ಮಳೆಗಾಲವೇ ಕಳೆಯಿತು. ಕರೆ ಬಂದ ಮೇಲೆ ಓಡಾಡಿದರೆ ಕಾಲ ಮೀರಿರುತ್ತದೆ.

ಈ ಸಲದ ಅರ್ಜಿ ಅಜ್ಜಿಯ ಜಗಲಿಯಲ್ಲೇ ಕೂತು ಬರೆದೆ. ಕಲಿಯುವವರು ಅಲ್ಲಿಂದ ಇಬ್ಬರು ಬರುವುದು, ಇಲ್ಲಿಂದ ಇಬ್ಬರು ಹೋಗುವುದು. ಅಜ್ಜಿಯ ಪಾಸ್‌ಪೋರ್ಟ್ ಕೂಡ ಬಂದಿದೆ. ಅದರ ಫೋಟೊ ನೋಡುತ್ತಾ ಕೇಳಿದರು: 'ಹೋಗುವಾಗ ಒಂದು ಗಂಟು ಕೆಮ್ಮಣ್ಣು ಕಟ್ಟಿಕೊಳ್ಳಲಾ?' ಮಣ್ಣನ್ನು ಹಾಗೆ ಸುಮ್ನೆ ಒಯ್ಯಲು ಬಿಡುವುದಿಲ್ಲ ಅಜ್ಜಿ, ಅನುಮತಿ ಬೇಕು ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದರು. 'ಅಲ್ಲೂ ಎಲ್ಲಾದ್ರೂ ಕೆಂಪು ಮಣ್ಣು ಇರ್ತದೆ. ಆ ಹುಡುಗಿಗೆ ಈಗ್ಲೇ ಹುಡುಕಿಡೋಕೆ ಹೇಳು' ಅಂದರು.

ಅದೇ ರಾತ್ರಿ ಅವಳಿಗೆ ಬರೆದೆ. ನಮಸ್ಕಾರ.