ಎರಡು ಸೆಕೆಂಡಿನ ಬೆಸುಗೆ

ಮಾನ್ಯರೇ,

ಇನ್ನು ಸ್ವಲ್ಪ ಹೊತ್ತಿನಲ್ಲಿ ನೀವೆಲ್ಲರೂ ರೇಡಿಯೊ ಕಿಟ್‌ನ ಪೊಟ್ಟಣ ಬಿಚ್ಚಿ ಬೆಸುಗೆಗೆ ಕೂರಲಿದ್ದೀರಿ. ಅದಕ್ಕೂ ಮುನ್ನ ಒಂದು ವಿಷಯವನ್ನು ಹೇಳಲೇಬೇಕೆನಿಸಿತು. ಬೆಳಿಗ್ಗೆ ಮೇಜುಗಳ ನಡುವೆ ಓಡಾಡುತ್ತಿದ್ದಾಗ, ಈಚೆಗಷ್ಟೇ ಹವ್ಯಾಸಿ ರೇಡಿಯೊ ಪರವಾನಗಿ ಪಡೆದ ಗೆಳೆಯರೊಬ್ಬರು ತಮ್ಮ 15 ವ್ಯಾಟಿನ ಬೆಸುಗೆ ಐರನ್ ತೋರಿಸಿ, “ನಾಜೂಕು ಭಾಗಗಳಿವೆಯಲ್ಲ ಸರ್, ಸುಟ್ಟುಹೋಗಬಾರದೆಂದು ಇದನ್ನೇ ತಂದೆ” ಎಂದರು. ಅವರ ಕಾಳಜಿ ಮೆಚ್ಚುವಂಥದ್ದು, ಆದರೆ ಆಯ್ಕೆ ಸರಿಯಲ್ಲ. ನಾಜೂಕು ಭಾಗಗಳನ್ನು ಹಾಳುಮಾಡುವುದರಲ್ಲಿ ತುದಿಯ ಬಿಸಿಗಿಂತ, ಆ ತುದಿ ಅಲ್ಲಿ ನಿಂತ ಹೊತ್ತಿನ ಪಾಲೇ ದೊಡ್ಡದು.

ಶೇಕಡಾ 63 ತವರ, 37 ಸೀಸ ಇರುವ ಬೆಸುಗೆ ತಂತಿ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಸೀಸವಿಲ್ಲದ, ಬೆಳ್ಳಿ ಮತ್ತು ತಾಮ್ರ ಬೆರೆತ ತಂತಿಗೆ ಸುಮಾರು 217 ಡಿಗ್ರಿ ಬೇಕು. ನಾವು ತುದಿಯನ್ನು 350 ಡಿಗ್ರಿಯ ಆಸುಪಾಸಿನಲ್ಲಿ ಇಡುವುದು, ಪ್ಯಾಡ್ (ಬೋರ್ಡಿನ ಮೇಲಿನ ತಾಮ್ರದ ಚುಕ್ಕೆ) ಮತ್ತು ಭಾಗದ ಕಾಲು (ಅದರಿಂದ ಹೊರಟ ತಂತಿ) ಎರಡೂ ಒಟ್ಟಿಗೇ, ಒಂದೆರಡು ಸೆಕೆಂಡಿನೊಳಗೆ ಆ ಮಟ್ಟ ಮುಟ್ಟಲೆಂದು. ಅಷ್ಟರಲ್ಲಿ ಬಿಸಿ ಕಾಲಿನ ಗುಂಟ ಏರಿ ಭಾಗದ ಒಡಲನ್ನು ಸೇರಿರುವುದಿಲ್ಲ. ಶಕ್ತಿ ಸಾಲದ ಐರನ್ ಮುಟ್ಟಿಸಿದರೆ ತಾಮ್ರವೇ ಬಿಸಿಯನ್ನೆಲ್ಲ ಕುಡಿದುಬಿಡುತ್ತದೆ. ನೀವು ಕಾಯುತ್ತೀರಿ, ಕಾಯುತ್ತಿರುವಾಗಲೇ ಬೆಸುಗೆ ಹರಿಯಲು ನೆರವಾಗುವ ಫ್ಲಕ್ಸ್ ಉರಿದು ಮುಗಿಯುತ್ತದೆ, ಬೆಸುಗೆ ಹರಿಯದೆ ಮುದ್ದೆಯಾಗುತ್ತದೆ, ಬಿಸಿ ಮಾತ್ರ ನಿಧಾನವಾಗಿ ಮೇಲೇರುತ್ತಲೇ ಇರುತ್ತದೆ.

ಇದನ್ನು ನಾನು ಕಲಿತದ್ದು ನನ್ನ ಮೊದಲ ರಿಸೀವರಿನಿಂದ. ಅದು 40 ಮೀಟರ್ ಬ್ಯಾಂಡಿನ ಡೈರೆಕ್ಟ್ ಕನ್ವರ್ಷನ್ ಎಂಬ ಸರಳ ಬಗೆಯ ರಿಸೀವರ್. ಅದರ ವಿಎಫ್‌ಒದಲ್ಲಿ, ಅಂದರೆ ಕೇಳುವ ಆವರ್ತನವನ್ನು ನಿರ್ಧರಿಸುವ ಭಾಗದಲ್ಲಿ, ಪಾಲಿಸ್ಟೈರೀನ್ ಕೆಪಾಸಿಟರ್‌ಗಳಿದ್ದವು. ಆವರ್ತನ ಸ್ಥಿರವಾಗಿ ನಿಲ್ಲಲು ಅವು ಬಹಳ ಒಳ್ಳೆಯವು, ಆದರೆ ಆ ಪ್ಲಾಸ್ಟಿಕ್ 100 ಡಿಗ್ರಿಯ ಹತ್ತಿರ ಬಂದರೆ ಮೆತ್ತಗಾಗುತ್ತದೆ. ನನ್ನ ಕೈಯಲ್ಲೂ ಅಂಥದೇ ಸಣ್ಣ ಐರನ್ ಇತ್ತು. ಬೋರ್ಡಿನ ಅಗಲವಾದ ಗ್ರೌಂಡ್ ತಾಮ್ರಕ್ಕೆ ಒಂದು ಕೆಪಾಸಿಟರಿನ ಕಾಲನ್ನು ಬೆಸೆಯಲು ಹತ್ತು ಹದಿನೈದು ಸೆಕೆಂಡು ಒತ್ತಿ ಹಿಡಿದೆ. ಕೊನೆಗೆ ಬೆಸುಗೆ ಹತ್ತಿತು, ರಿಸೀವರ್ ಮಾತಾಡಿತು, ಮನೆಮಂದಿಯನ್ನೆಲ್ಲ ಕರೆದು ಕೇಳಿಸಿದೆ. ಅರ್ಧ ಗಂಟೆಯೊಳಗೆ ಕೇಳುತ್ತಿದ್ದ ನಿಲಯ ತಾನಾಗಿ ಜಾರತೊಡಗಿತು. ಬೋರ್ಡನ್ನು ಬೆರಳಿನಿಂದ ತಟ್ಟಿದರೆ ಸ್ವರ ಸರಕ್ಕನೆ ಬದಲಾಗುತ್ತಿತ್ತು. ಮೂರು ರಾತ್ರಿ ಟ್ರಾನ್ಸಿಸ್ಟರ್ ಬದಲಿಸಿದೆ, ಸುರುಳಿಗೆ ಮೇಣ ಹಚ್ಚಿದೆ, ವಿದ್ಯುತ್ ಪೂರೈಕೆಯನ್ನು ಅನುಮಾನಿಸಿದೆ.

ನಾಲ್ಕನೆಯ ದಿನ ಹಿರಿಯ ಹವ್ಯಾಸಿಯೊಬ್ಬರ ಬಳಿಗೆ ಒಯ್ದೆ. ಅವರು ಮೀಟರನ್ನು ಮುಟ್ಟಲೇ ಇಲ್ಲ. ಭೂತಗನ್ನಡಿ ಹಿಡಿದು ಸಾಲಾಗಿ ನೋಡುತ್ತ ಬಂದು ಆ ಕೆಪಾಸಿಟರಿನ ಮೇಲೆ ನಿಂತರು. “ಇಲ್ಲಿ ನೋಡಪ್ಪ,” ಎಂದರು. ಗಾಜಿನಂತೆ ತಿಳಿಯಾಗಿರಬೇಕಿದ್ದ ಒಡಲು, ಕಾಲು ಒಳಹೊಗುವ ಜಾಗದಲ್ಲಿ ಮಂಜು ಕವಿದಂತೆ ಬೆಳ್ಳಗಾಗಿ, ಸಾಸಿವೆ ಕಾಳಿನಷ್ಟು ತಗ್ಗು ಬಿದ್ದಿತ್ತು. ಕಾಲು ಒಳಗೇ ಅಲುಗಾಡುತ್ತಿತ್ತು. ಅವರು ಹೊಸ ಕೆಪಾಸಿಟರ್ ತೆಗೆದು, ಬಿಸಿ ಒಡಲಿಗೆ ಏರದಂತೆ ಒಡಲಿಗೂ ಪ್ಯಾಡಿಗೂ ನಡುವೆ ಕಾಲನ್ನು ತಾಮ್ರದ ಕ್ಲಿಪ್ಪಿನಿಂದ ಕಚ್ಚಿಸಿ, 50 ವ್ಯಾಟಿನ ಐರನ್ನಿನ ಅಗಲ ತುದಿಯನ್ನು ಇಟ್ಟು, ತಂತಿ ತಾಕಿಸಿ, ಎತ್ತಿದರು. ನಾನು ಎರಡು ಎಣಿಸುವುದರೊಳಗೆ ಮುಗಿದಿತ್ತು.

ಜರ್ಮೇನಿಯಂ ಡಯೋಡಿಗೂ ಇದೇ ಮಾತು ಸಲ್ಲುತ್ತದೆ. ಅದಕ್ಕೂ ಕ್ಲಿಪ್ ಹಾಕಿ, ಕಾಲನ್ನು ತೀರಾ ಗಿಡ್ಡ ಮಾಡಬೇಡಿ. ಪ್ಯಾಡುಗಳಿಗೂ ಅಷ್ಟೇ: ಹೊತ್ತು ಮೀರಿ ಕಾಯಿಸಿದರೆ ಅಂಟು ಬಿಟ್ಟು ತಾಮ್ರವೇ ಬೋರ್ಡಿನಿಂದ ಏಳುತ್ತದೆ. ಮೊದಲ ಪ್ರಯತ್ನಕ್ಕೆ ಬೆಸುಗೆ ಹರಿಯದಿದ್ದರೆ ಐರನ್ ತೆಗೆದು, ಭಾಗ ತಣಿಯುವವರೆಗೆ ಕಾದು, ತುದಿ ಒರೆಸಿ, ಸ್ವಲ್ಪ ಫ್ಲಕ್ಸ್ ಹಚ್ಚಿ ಮತ್ತೆ ಮಾಡಿ.

ಟೊರಾಯ್ಡ್ ಸುರುಳಿಗಳ, ಅಂದರೆ ಬಳೆಯಾಕಾರದ ತಿರುಳಿಗೆ ತಂತಿ ಸುತ್ತಿದ ಸುರುಳಿಗಳ, ತೊಂದರೆ ಬೇರೆ. ತಾಮ್ರದ ತಂತಿಯ ಮೇಲಿನ ಎನಾಮೆಲ್ ಲೇಪ ಕಣ್ಣಿಗೆ ತಾಮ್ರದಂತೆಯೇ ಕಾಣುತ್ತದೆ. ಅದನ್ನು ಕೆರೆಯದೆ ಬೆಸೆದರೆ ಬೆಸುಗೆ ಸುತ್ತ ಹೊಳೆಯುತ್ತ ಕೂರುತ್ತದೆ, ಸಂಪರ್ಕ ಮಾತ್ರ ಇರುವುದಿಲ್ಲ. ತುದಿಗಳನ್ನು ಬ್ಲೇಡಿನಿಂದ ಸುತ್ತಲೂ ಕೆರೆದು, ಬೆಸುಗೆ ಲೇಪಿಸಿ, ಅದು ಬೆಳ್ಳಗೆ ಹಿಡಿದದ್ದನ್ನು ನೋಡಿಯೇ ಬೋರ್ಡಿಗೆ ತೂರಿಸಿ. ಆಮೇಲೆ ಎರಡು ಪ್ಯಾಡುಗಳ ನಡುವೆ ಮಲ್ಟಿಮೀಟರ್ ಹಿಡಿಯಿರಿ. ಸೊನ್ನೆಯ ಸಮೀಪ ತೋರಿಸಬೇಕು. ಸುತ್ತು ಎಣಿಸುವಾಗ, ತಂತಿ ನಡುವಿನ ತೂತಿನೊಳಗೆ ಹಾದ ಪ್ರತಿ ಸಲವೂ ಒಂದು ಸುತ್ತು. ಅನೇಕರು ಹೊರಗಿನಿಂದ ಎಣಿಸಿ ಒಂದು ಸುತ್ತು ತಪ್ಪುತ್ತಾರೆ.

ಸಮಯ ಮುಗಿಯುತ್ತ ಬಂದಿದೆ ಎಂದು ಸೂಚನೆ ಬಂದಿದೆ. ಬಿಎಸ್170 ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅದರ ಗೇಟ್ ಎಂಬ ಕಾಲು ತಾಳುವುದು 20 ವೋಲ್ಟ್. ನಿಮ್ಮ ಬೆರಳಿಗೆ ಚುರುಕ್ಕೆನ್ನುವ ಸ್ಥಿರವಿದ್ಯುತ್ತು ಸಾವಿರಾರು ವೋಲ್ಟಿನದು. ಆ ವಿದ್ಯುತ್ತನ್ನು ನೆಲಕ್ಕೆ ಹರಿಸುವ ಮಣಿಕಟ್ಟಿನ ಪಟ್ಟಿ ಕಟ್ಟಿಕೊಂಡೇ ಪೊಟ್ಟಣ ಬಿಚ್ಚಿ. ಕಾಲುಗಳ ಅಂತರ ಅರ್ಧ ಮಿಲಿಮೀಟರ್ ಇರುವ ಎಸ್‌ಐ5351 ಎಂಬ, ಆವರ್ತನ ಹುಟ್ಟಿಸುವ ಚಿಪ್ಪಿಗೆ ಮೊದಲು ಮೂಲೆಯ ಒಂದು ಕಾಲನ್ನು ಹಿಡಿಸಿ, ಸಾಲು ಸರಿಯಿದೆಯೇ ನೋಡಿ, ಫ್ಲಕ್ಸ್ ಧಾರಾಳವಾಗಿ ಹಚ್ಚಿ ಬೆಸುಗೆ ಹಿಡಿದ ತುದಿಯನ್ನು ಉಳಿದ ಕಾಲುಗಳ ಮೇಲೆ ಎಳೆಯಿರಿ. ಕಾಲುಗಳು ಒಂದಕ್ಕೊಂದು ಅಂಟಿದರೆ ಗಾಬರಿ ಬೇಡ, ತಾಮ್ರದ ಎಳೆಗಳನ್ನು ಹೆಣೆದ ಜಡೆಬತ್ತಿ ಹೆಚ್ಚಿನ ಬೆಸುಗೆಯನ್ನು ಹೀರಿಕೊಳ್ಳುತ್ತದೆ. ಅದನ್ನೂ ಒತ್ತಿಹಿಡಿದು ಕೂರಬೇಡಿ.

ಕ್ಲಿಪ್ಪುಗಳು ಮುಂದಿನ ಮೇಜಿನ ಡಬ್ಬಿಯಲ್ಲಿವೆ. ಗಿಡ್ಡ ರೆಸಿಸ್ಟರ್‌ಗಳಿಂದ ಶುರುಮಾಡಿ, ಪಾಲಿಸ್ಟೈರೀನ್ ಪೊಟ್ಟಣವನ್ನು ಕೊನೆಯವರೆಗೆ ಬದಿಗಿಡಿ. ಅಷ್ಟರಲ್ಲಿ ನಿಮ್ಮ ಕೈ ಎರಡು ಸೆಕೆಂಡಿಗೆ ಪಳಗಿರುತ್ತದೆ. 15 ವ್ಯಾಟಿನ ಐರನ್ ತಂದ ಗೆಳೆಯರು ನನ್ನ ಮೇಜಿಗೆ ಬನ್ನಿ, ನನ್ನ ಐರನ್ ಈಗಾಗಲೇ ಕಾದಿದೆ, ಇವತ್ತು ಅದನ್ನೇ ಬಳಸಿ.